ಚೀಟಿಯಲ್ಲಿ ಇಲ್ಲದ ಎಣ್ಣೆ

ಯೆರವಡಾ
೧೧ ನವೆಂಬರ್ ೨೦೨೪

ತಾಯಕ್ಕನಿಗೆ ಇಂದೂ ಮಾಡುವ ನಮಸ್ಕಾರ.

ನಿನ್ನೆಯೂ ಅದೇ ಕನಸು ಬಿತ್ತು. ನೀರಜಾಳ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ನಾನು ಎಣ್ಣೆ ಹಚ್ಚುತ್ತಿದ್ದೇನೆ. ಹುರಿದ ಶೇಂಗಾ ಅಂಗೈಯಲ್ಲಿ ತಿಕ್ಕಿದರೆ ಕೆಂಪು ಸಿಪ್ಪೆ ಹೇಗೆ ಬಿಡುತ್ತದೆಯೋ ಹಾಗೆ ಅವನ ಮೈಯಿಂದ ತೆಳ್ಳಗೆ ಸಿಪ್ಪೆ ಬಿಡುತ್ತಿದೆ. ಊದುತ್ತೇನೆ, ಹಾರಿಹೋಗುತ್ತದೆ. ಮತ್ತೆ ತಿಕ್ಕುತ್ತೇನೆ, ಮತ್ತೆ ಬಿಡುತ್ತದೆ. ಕೂಸು ಅಳುವುದಿಲ್ಲ, ನನ್ನ ಮುಖ ನೋಡುತ್ತಾ ಇರುತ್ತದೆ. ಅತ್ತಿದ್ದರೆ ನನಗೆ ಎಚ್ಚರವಾದರೂ ಆಗುತ್ತಿತ್ತು.

ನಿಮ್ಮ ಫೋನಿಗೆ ಎಷ್ಟೋ ಸಲ ಮಾಡಿದೆ. ಈ ನಂಬರು ಚಾಲೂ ಇಲ್ಲವೆಂದು ಮರಾಠಿಯಲ್ಲಿ ಒಬ್ಬಳು ಹೇಳುತ್ತಾಳೆ. ನಿಮ್ಮ ಮಗ ಗೂಳಪ್ಪನ ವಿಳಾಸವನ್ನು ನಮ್ಮ ಓಣಿಯ ಈರಣ್ಣನಿಂದ ಪಡೆದು ಬರೆಯುತ್ತಿದ್ದೇನೆ. ಆರನೇ ಇಯತ್ತೆ ಅರ್ಧಕ್ಕೆ ಬಿಟ್ಟವಳ ಅಕ್ಷರ ಇದು. ನಿಮ್ಮ ಸೊಸೆ ರೇಣು ಹೇಗಾದರೂ ಬಿಡಿಸಿಕೊಂಡು ಓದಿ ಹೇಳುತ್ತಾಳೆ ಎಂದುಕೊಂಡಿದ್ದೇನೆ.

ಆ ದಿನದ್ದೇ ತಲೆಯಲ್ಲಿ ಸುತ್ತುತ್ತದೆ. ದಸರೆ ಮುಗಿದ ವಾರ. ಕೂಸು ಅಮೇಯನ ಗಲ್ಲ, ಮೊಣಕೈ ಮಡಿಕೆ, ಕತ್ತಿನ ಸಂದು ಎಲ್ಲಾ ಕೆಂಪಾಗಿ ನೀರು ಒಸರುತ್ತಿತ್ತು. ನೀರಜಾ ನಿಮ್ಮ ಕೈ ಹಿಡಿದು ತಿರುಗಿಸಿ ನೋಡಿದಳು. "ಎಷ್ಟು ಬಿರುಸು ಅವ ರೀ ಈ ಕೈ. ಕೂಸಿನ ಮೈಯೇನು ಗ್ವಾಡಿ ಅದನ?" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಇಂದೂ ಮಾವಶಿ, ಇವರು ಕೈ ತೊಳಕೊಂಡೇ ಮುಟ್ಟತಾರಲ್ಲಾ?" ಎಂದು ಕೇಳಿದಳು. ನಾನು ಒಲೆಯ ಮುಂದೆ ಸೌಟು ಹಿಡಿದು ನಿಂತಿದ್ದೆ. "ನಾ ಒಳಗಿರತೀನವಾ, ನೋಡಿಲ್ಲ" ಅಂದೆ.

ಸುಳ್ಳು ಅದು. ಏಳು ತಿಂಗಳು ದಿನಾ ನೋಡಿದ್ದೇನೆ. ನೀವು ಬಳೆ ತೆಗೆದು ಕಿಟಕಿಯಲ್ಲಿಟ್ಟು, ಕಡಲೆಹಿಟ್ಟು ಹಚ್ಚಿ ಮೊಣಕೈವರೆಗೆ ತೊಳೆದು, ಸೆರಗಿಗೂ ಒರೆಸದೆ ಗಾಳಿಗೆ ಆರಿಸಿಕೊಂಡು ಕೂಸಿಗೆ ಎಣ್ಣೆ ಹಚ್ಚಲು ಕೂಡುತ್ತಿದ್ದಿರಿ. ಅಲ್ಲಿ ಅಡುಗೆ ಮಾಡುವ ನಾನೇ ನಿಮ್ಮನ್ನು ಆ ಮನೆಗೆ ಕರೆದುಕೊಂಡು ಹೋದವಳು. ತಾಯಿಯಿಲ್ಲದ ಹುಡುಗಿಯ ಬಾಣಂತನ, ತಾಯಮ್ಮನ ಕೈಯಿಂದಲೇ ಆಗಬೇಕು ಎಂದು ಅವಳ ತಂದೆ ಪ್ರಲ್ಹಾದರಾಯರ ಮುಂದೆ ಹೇಳಿದ್ದೂ ನಾನೇ. ನೋಡಿಲ್ಲ ಎಂಬ ನನ್ನ ಆ ಒಂದು ಮಾತಿನಿಂದ ಸದಾಶಿವ ಪೇಠದ ಆ ವಾಡೆಯ ಉಳಿದ ಎರಡು ಮನೆಯವರೂ "ತಿಲಾ ಆತಾ ನಕೋ", ಅವಳು ಇನ್ನು ಬೇಡ, ಎಂದು ನಿಮ್ಮನ್ನು ಬಿಡಿಸಿದರು. ನೀವು ಮನೆಗೆ ಬೀಗ ಹಾಕಿ ಮಗನ ಹತ್ತಿರ ಹೊರಟಾಗ ನಾನು ಕಿಟಕಿಯಿಂದ ನೋಡಿದೆ. ಹೊರಗೆ ಬರಲಿಲ್ಲ.

ಕೂಸಿಗೆ ನೀವು ಹಚ್ಚುತ್ತಿದ್ದ ಮುಲಾಮು ಮಾಡಿದವಳು ನಾನು. ಏನೇನು ಹಾಕಿದ್ದೀರಿ ಎಂದು ಚರ್ಮದ ಡಾಕ್ಟರು ಚೀಟಿ ತರಲು ಹೇಳಿದ್ದರು. ನಾನು ಹೇಳುತ್ತಾ ಹೋದೆ, ನೀರಜಾ ಬರೆದುಕೊಂಡಳು: ಕೊಬ್ಬರಿ ಎಣ್ಣೆ, ಬಾದಾಮಿ ಎಣ್ಣೆ, ಕೋಕಂ ತುಪ್ಪ, ಜೇನುಮೇಣ. ಡಾಕ್ಟರು ಬಾದಾಮಿಯ ಕೆಳಗೆ ಗೆರೆ ಎಳೆದರಂತೆ. ಆ ಮನೆಗೆ ಈಗ ಬಾದಾಮಿ ತರುವುದಿಲ್ಲ. ನಾನು ಎಲ್ಲವನ್ನೂ ಅಳತೆಯಂತೆಯೇ ಹಾಕಿದ್ದೇನೆ ತಾಯಕ್ಕ. ನಾನು ಅಳತೆ ತಪ್ಪುವವಳಲ್ಲ, ನಿಮಗೇ ಗೊತ್ತು.

ಆ ಒಂದು ಮಾತಿಗೆ ಕ್ಷಮಿಸಿರಿ.

ನಿಮ್ಮ
ಇಂದೂ


ಚಾಕಣ
೨೪ ನವೆಂಬರ್ ೨೦೨೪

ಇಂದೂ ಚಿಗವ್ವನಿಗೆ,

ನಾನು ರೇಣು ಬರೆಯುತ್ತಿದ್ದೇನೆ. ನಿಮ್ಮ ಪತ್ರ ಓದಿ ಹೇಳಿದೆ. ಅತ್ತೆ ಅಕ್ಕಿ ಆರಿಸುತ್ತಿದ್ದರು, ಮುಗಿಯುವವರೆಗೂ ತಲೆ ಎತ್ತಲಿಲ್ಲ. "ಇನ್ನೊಮ್ಮೆ ಓದು" ಅಂದರು. ಓದಿದೆ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ.

"ಕೂಸು ಹೆಂಗೈತಿ? ಅದನ್ನ ಮೊದಲು ಬರೀಬೇಕಾಗಿತ್ತು. ಕನಸು ಬರದಿ, ಸೌಟು ಬರದಿ, ಡಾಕ್ಟರ ಎಳದ ಗೆರಿ ಬರದಿ. ಗಲ್ಲ ಆರೇತೇನು, ರಾತ್ರಿ ಕೆರಕೊಂತೈತೇನು, ಕೂಡಾಕ ಕಲತೈತೇನು, ಒಂದೂ ಇಲ್ಲ. ಇನ್ನೊಂದು ಕೇಳತೀನಿ. ಆ ಡಬ್ಬ್ಯಾಗ ಬಾದಾಮಿ ಎಣ್ಣಿ ಎಷ್ಟ ಹಾಕಿದ್ದಿ? ವಿಚಾರ ಮಾಡಿ ಬರಿ. ಅವಸರ ಇಲ್ಲ."

ಇಷ್ಟೇ ಹೇಳಿ ಮತ್ತೆ ಅಕ್ಕಿ ಕೈಗೆತ್ತಿಕೊಂಡರು.

ಇನ್ನು ನನ್ನದು. ಇಲ್ಲಿಗೆ ಬಂದಾಗಿನಿಂದ ಅತ್ತೆ ನನ್ನ ಮಗಳನ್ನು ಎತ್ತಿಕೊಳ್ಳುವ ಮೊದಲು ಮೂರು ಸಲ ಕೈ ತೊಳೆಯುತ್ತಾರೆ. ಸ್ವಂತ ಮೊಮ್ಮಗಳು. ಯಾಕೆಂದು ನಿಮ್ಮ ಪತ್ರ ಓದಿದ ಮೇಲೆ ತಿಳಿಯಿತು.

ರೇಣು


ಯೆರವಡಾ
೨ ಡಿಸೆಂಬರ್ ೨೦೨೪

ತಾಯಕ್ಕನಿಗೆ,

ಕೂಸಿನ ಸುದ್ದಿ ಮೊದಲು ಬರೆಯುತ್ತಿದ್ದೇನೆ. ಗಲ್ಲ ಆರಿದೆ. ಮೊಣಕೈ ಮಡಿಕೆಯಲ್ಲಿ ಮಾತ್ರ ಇನ್ನೂ ಒರಟಾಗಿದೆ. ಕೂಡುತ್ತಾನೆ, ಬೀಳುತ್ತಾನೆ, ಬಿದ್ದು ನಗುತ್ತಾನೆ. ನೀವು ಹಾಡುತ್ತಿದ್ದ ಹಾಗೆ ನಾನೂ ಹಾಡಿ ನೋಡಿದೆ, ನನ್ನ ಹಾಡಿಗೆ ನಗಲಿಲ್ಲ.

ನೀವು ಕೇಳಿದ್ದಕ್ಕೆ ಉತ್ತರ. ಹಾಕಿಲ್ಲ. ಒಂದು ಹನಿಯೂ ಹಾಕಿಲ್ಲ.

ಈ ಸಾಲು ಬರೆದು ಎದ್ದು ಹೋಗಿ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದು ಬಂದಿದ್ದೇನೆ.

ಆಗಿದ್ದು ಹೀಗೆ. ನೀರಜಾ ಎಲ್ಲೆಲ್ಲೋ ಓದಿ, ವಿಚಾರಿಸಿ, ಬಾದಾಮಿ ಎಣ್ಣೆಯ ಒಂದು ಸಣ್ಣ ಬಾಟಲಿ ತರಿಸಿದ್ದಳು. ಅದರ ಮೇಲೆ ಬರೆದಿದ್ದನ್ನೆಲ್ಲ ಅಡುಗೆಮನೆಗೆ ಬಂದು ನನಗೆ ಓದಿ ಹೇಳಿದಳು. "ಮಾವಶಿ, ನಿಮ್ಮ ಕೈಲೇನ ಮಾಡ್ರಿ, ಅಂಗಡೀದು ನನಗ ನಂಬಿಕಿ ಇಲ್ಲ" ಅಂದಳು. ಎಂಟು ವರ್ಷದವಳಿದ್ದಾಗಿನಿಂದ ನಾನು ಅನ್ನ ಬಡಿಸಿದ ಹುಡುಗಿ. ಆ ಮಾತಿಗೆ ಉಬ್ಬಿಹೋದೆ. ಕುದಿಯುವ ನೀರಿನ ಮೇಲೆ ಪಾತ್ರೆ ಇಟ್ಟು ಮೇಣ ಕರಗಿಸಿದೆ, ತೆಳು ಬಟ್ಟೆಯಲ್ಲಿ ಸೋಸಿದೆ, ಕೋಕಂ ತುಪ್ಪ, ಕೊಬ್ಬರಿ ಎಣ್ಣೆ ಹಾಕಿದೆ. ಬಾಟಲಿಯ ಮುಚ್ಚಳ ತೆಗೆದಿಟ್ಟಿದ್ದೆ. ಅಷ್ಟರಲ್ಲಿ ಕುಕ್ಕರು ಮೂರನೇ ಸೀಟಿ ಹೊಡೆಯಿತು. ತಿರುಗಿದೆ, ಮೊಣಕೈ ತಾಗಿತು. ಅಷ್ಟೂ ಎಣ್ಣೆ ಮೋರಿಗೆ ಹೋಯಿತು.

ಹೊರಗೆ ಹೋಗಿ ಹೇಳಿದ್ದರೆ ಏನಾಗುತ್ತಿತ್ತು? ಒಂದು ಮಾತು ಅನ್ನುತ್ತಿದ್ದಳು, ಅಥವಾ ಅದೂ ಇಲ್ಲ. ಆದರೆ ಪಾತ್ರೆ ಒಲೆಯ ಮೇಲಿತ್ತು, ಎಣ್ಣೆ ನಾಲ್ಕು ಚಮಚ ಕಡಿಮೆ ಬಿದ್ದಿತ್ತು. ಎಣ್ಣೆ ಕಡಿಮೆಯಾದರೆ ಮೇಣ ಗಟ್ಟಿಯಾಗಿ ಕೂಸಿನ ಮೈಮೇಲೆ ಎಳೆಯುತ್ತದೆ. ಪಕ್ಕದಲ್ಲೇ ಶೇಂಗಾ ಎಣ್ಣೆಯ ಡಬ್ಬಿ ಇತ್ತು. ಗಾಣದ್ದು, ಕಲಬೆರಕೆ ಇಲ್ಲದ್ದು. ನಮ್ಮ ಕಡೆ ಶೇಂಗಾ ಎಣ್ಣೆಗೆ ಯಾರಾದರೂ ಅಂಜುತ್ತಾರೆಯೇ? ನಮ್ಮವ್ವ ನನ್ನ ನೆತ್ತಿಗೆ ಹಚ್ಚಿದ್ದು ಅದೇ. ನಾಲ್ಕು ಚಮಚ ಅಳೆದು ಹಾಕಿ, ಅದೇ ಬಟ್ಟೆಯಲ್ಲಿ ಮತ್ತೊಮ್ಮೆ ಸೋಸಿ ಡಬ್ಬಿಗೆ ತುಂಬಿದೆ. ಅಳತೆ ತಪ್ಪಲಿಲ್ಲ.

ಕೂಸಿಗೆ ಹಚ್ಚುವ ಮೊದಲು ನನ್ನ ಮುಂಗೈಗೆ ಹಚ್ಚಿ ಎರಡು ದಿನ ನೋಡಿದೆ. ಏನೂ ಆಗಲಿಲ್ಲ. ಒಗ್ಗರಣೆ ಸಿಡಿದು ಸಿಡಿದು ಸತ್ತ ಚರ್ಮ ಅದು. ಅದಕ್ಕೆ ಏನು ತಿಳಿದೀತು? ಇದನ್ನೂ ಈಗ ಯೋಚಿಸುತ್ತೇನೆ.

ಇನ್ನೂ ಒಂದು ಇದೆ. ಕಳೆದ ವಾರ ಶೇಂಗಾ ಚಟ್ನಿ ಕುಟ್ಟುತ್ತಿದ್ದೆ. ಅಮೇಯ ತೆವಳಿಕೊಂಡು ಬಂದ, ಬಾಯಲ್ಲಿ ಜೊಲ್ಲು. ಅದೇ ಕೈಯಿಂದ ಒರೆಸಿದೆ. ಅರ್ಧ ಗಂಟೆಯಲ್ಲಿ ನನ್ನ ನಾಲ್ಕು ಬೆರಳು ಅವನ ಗಲ್ಲದ ಮೇಲೆ ಮೂಡಿ ನಿಂತವು, ಯಾರೋ ಹೊಡೆದ ಹಾಗೆ. ನೀರಜಾ "ಸೊಳ್ಳಿ ಕಚ್ಚಿರಬೇಕು" ಅಂದಳು. ನಾನು ಹೂಂ ಅಂದೆ.

ಬಾದಾಮಿಯದಲ್ಲ ತಾಯಕ್ಕ. ನಿಮ್ಮ ಕೈಯದೂ ಅಲ್ಲ. ಶೇಂಗಾದ್ದು. ಅದು ಈ ಲೋಕದಲ್ಲಿ ನನ್ನೊಬ್ಬಳಿಗೆ ಗೊತ್ತಿದೆ. ಆ ಮನೆಯಲ್ಲಿ ಪಲ್ಯಕ್ಕೆ ಶೇಂಗಾ, ಚಟ್ನಿಹಿಂಡಿಗೆ ಶೇಂಗಾ, ಏಕಾದಶಿಗೂ ಶೇಂಗಾ.

ಇಂದೂ


ಚಾಕಣ
೧೫ ಡಿಸೆಂಬರ್ ೨೦೨೪

ಇಂದೂ ಚಿಗವ್ವನಿಗೆ,

ಈ ಸಲ ಅತ್ತೆ ನನ್ನನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು. ನಡುವೆ ನಾನು ಏನೋ ಕೇಳಿದ್ದಕ್ಕೆ "ನೀ ಬರಿ, ನ್ಯಾಯ ಮಾಡಬ್ಯಾಡ" ಅಂದರು.

"ಇಂದೂ, ನಿನ್ನೊಬ್ಬಾಕೀಗೆ ಗೊತ್ತೈತಿ ಅಂತ ಬರದಿ. ಅಲ್ಲ. ಆ ಡಬ್ಬಿ ಮುಚ್ಚಳ ತಗದ ದಿನಾನ ನನಗ ಗೊತ್ತಾತು. ಮೂವತ್ತು ವರ್ಷ ಎಣ್ಣ್ಯಾಗ ಕೈ ಅದ್ದೀನಿ. ಬಾದಾಮಿ ಎಣ್ಣಿಗೆ ವಾಸನೀನ ಇರೂದಿಲ್ಲ. ಶೇಂಗಾದ್ದು ಮೂಗಿನಾಗ ಕುಂತ ಬಿಡತೈತಿ. ನನ್ನೊಳಗ ನಾನು ನಕ್ಕೆ. ಇಂದೂ ಇವರಿಗೆ ಬಾದಾಮಿ ಅಂತ ಹೇಳಿ ಶೇಂಗಾ ಹಾಕ್ಯಾಳ, ಶಾಣ್ಯಾಕಿ ಅಂದೆ. ಬಾದಾಮಿ ಎಣ್ಣಿ ಹಚ್ಚಿಸಿಕೊಂಡವರೇನು ಬಾದಾಮಿ ಹಂಗ ಆಗತಾರೇನು? ನನ್ನ ಗೂಳಪ್ಪಗ ಶೇಂಗಾ ಎಣ್ಣಿನ ಹಚ್ಚೀನಿ, ಇವತ್ತ ಕಾರಖಾನ್ಯಾಗ ಕಬ್ಬಿಣ ಎತ್ತತಾನ. ಹಂಗಂತ ಹಚ್ಚಿದೆ. ಕೆಂಪಾತು. ಮರುದಿನಾನೂ ಹಚ್ಚಿದೆ. ಆರಲಿ ಅಂತ ಇನ್ನಷ್ಟು ಹಚ್ಚಿದೆ.

"ಆ ಹುಡುಗಿ ನನ್ನ ಕೈ ತಿರುವಿ ನೋಡಿದಾಗ ಹೇಳಬಹುದಿತ್ತು. ಹೇಳಿದ್ರ, ಗೊತ್ತಿದ್ದೂ ಯಾಕ ಹಚ್ಚಿದಿ ಅಂತಿದ್ದಳು. ಅದಕ್ಕ ಜವಾಬು ಇರಲಿಲ್ಲ. ನೀ ಸೌಟು ಹಿಡಕೊಂಡು ನೋಡಿಲ್ಲ ಅಂದಿ, ನಾ ಬಳಿ ಹಾಕ್ಕೊಂತ ಸುಮ್ಮನಿದ್ದೆ. ಇಬ್ಬರೂ ಸೇರಿ ಕೂಸಿನ ಬಾಯಿ ಮುಚ್ಚಿದಂಗ ಆತು.

"ಸಂಕ್ರಾಂತಿ ಬಂತು. ಆ ಕೂಸಿಂದು ಮೊದಲನೇ ಸಂಕ್ರಾಂತಿ. ಕೂಸಿನ ತಲಿ ಮ್ಯಾಲೆ ಬಾರಿಹಣ್ಣು ಎರಿಯೂ ಬುಟ್ಟ್ಯಾಗ ಏನೇನಿರತಾವ, ನಿನಗ ನಾ ಹೇಳಬೇಕೇನು? ಅದರಕಿಂತ ಮೊದಲು ಹೇಳು."

ಚಿಗವ್ವ, ನನಗೆ ನಿಮ್ಮ ಮೇಲೆ ಸಿಟ್ಟಿತ್ತು. ಈಗ ಯಾರ ಮೇಲೆ ಇಟ್ಟುಕೊಳ್ಳಬೇಕೋ ತಿಳಿಯುತ್ತಿಲ್ಲ. ಒಂದು ಬರೆಯುತ್ತೇನೆ, ಅತ್ತೆ ಹೇಳಿದ್ದಲ್ಲ. ಇಲ್ಲಿ ಅವರನ್ನು ಯಾರೂ ಕರೆಯುವುದಿಲ್ಲ. ದಿನಾ ಎಣ್ಣೆಯಲ್ಲಿರುತ್ತಿದ್ದ ಕೈ, ಈಗ ಎಣ್ಣೆ ಕಾಣದೆ ಒಡೆಯುತ್ತಿದೆ. ಬೆರಳ ಗೆಣ್ಣಿನಲ್ಲಿ ಸೀಳು ಬಿದ್ದು ರಕ್ತ ಬರುತ್ತದೆ. ಹಚ್ಚಿಕೊಳ್ಳಿ ಎಂದರೆ "ನನಗ್ಯಾಕ" ಎನ್ನುತ್ತಾರೆ.

ರೇಣು


ಯೆರವಡಾ
೩೦ ಡಿಸೆಂಬರ್ ೨೦೨೪

ತಾಯಕ್ಕನಿಗೆ,

ಇನ್ನೂ ಹೇಳಿಲ್ಲ.

ಸೋಮವಾರ ಹೇಳೋಣವೆಂದು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡು ಹೋದೆ. ನೀರಜಾಗೆ ನೆಗಡಿಯಾಗಿತ್ತು. ಗುರುವಾರ ಮನೆಗೆ ಜನ ಬಂದಿದ್ದರು. ಶನಿವಾರ ಏನೂ ಇರಲಿಲ್ಲ, ಯಾರೂ ಇರಲಿಲ್ಲ. ಅವಳು ಬಂದು ನನ್ನ ಪಕ್ಕ ಕಟ್ಟೆಯ ಮೇಲೆ ಕೂತು, "ಮಾವಶಿ, ನೀವು ಇಲ್ಲದಿದ್ರ ನನ್ನ ಬಾಣಂತನ ಯಾರು ಮಾಡತಿದ್ರು" ಅಂದಳು. ಆ ಮಾತಿನ ಮೇಲೆ ಹೇಗೆ ಹೇಳಲಿ?

ಕೈಕಟ್ಟಿ ಕೂತಿಲ್ಲ ಎಂದು ಮಾತ್ರ ತಿಳಿಯಿರಿ. ಶೇಂಗಾ ಎಣ್ಣೆಯ ಡಬ್ಬಿಯನ್ನು ಖಾಲಿ ಮಾಡಿ, ಈ ಸಲದ್ದು ಕಮಟು ಬಂದಿದೆ ಎಂದು ಸುಳ್ಳು ಹೇಳಿ ಬೇರೆ ಎಣ್ಣೆ ತರಿಸಿದೆ. ಚಟ್ನಿಪುಡಿಗೆ ಪುಟಾಣಿ ಹಾಕಿದೆ. ಪ್ರಲ್ಹಾದರಾಯರು ಒಂದು ತುತ್ತು ತಿಂದು, "ಏನವಾ, ಧಾರವಾಡ ಮರತೀಯೇನು?" ಅಂದರು. ನಕ್ಕುಬಿಟ್ಟೆ. ದಿನಕ್ಕೆ ಎಷ್ಟು ಸಲ ಕೈ ತೊಳೆಯುತ್ತೇನೋ ಲೆಕ್ಕವಿಲ್ಲ.

ಜನವರಿ ಹತ್ತೊಂಬತ್ತು, ರವಿವಾರ, ಬೋರನ್ಹಾಣ, ಅದೇ ಬಾರಿಹಣ್ಣು ಎರೆಯುವ ಶಾಸ್ತ್ರ, ಇಟ್ಟಿದ್ದಾರೆ. ಕರಿ ಅಂಗಿ ಹೊಲಿಸಿ ಆಯಿತು, ಕುಸುರೆಳ್ಳಿನ ಕಿರೀಟ ಹೇಳಿ ಆಯಿತು. ಕೂಸನ್ನು ಮಣೆಯ ಮೇಲೆ ಕೂರಿಸಿ ತಲೆಯ ಮೇಲಿಂದ ಬಾರಿಹಣ್ಣು, ಕಬ್ಬಿನ ತುಂಡು, ಚುರಮುರಿ, ಶೇಂಗಾ ಎರೆಯುತ್ತಾರೆ. "ಶೇಂಗಾ ಜಾಸ್ತಿ ಇರಲಿ ಮಾವಶಿ, ವಾಡೇದ ಹುಡುಗರು ಅದನ್ನೇ ಆರಿಸಿ ತಿಂತಾವ" ಎಂದು ನೀರಜಾ ಹೇಳಿದಳು.

ನಾನು ಒಂದು ಯೋಚನೆ ಮಾಡಿದ್ದೇನೆ. ಬುಟ್ಟಿ ತುಂಬುವವಳು ನಾನೇ. ಶೇಂಗಾ ತೆಗೆದು ಬತ್ತಾಸು ತುಂಬಿಬಿಡುತ್ತೇನೆ. ಮರೆತೆ ಎಂದರೆ ಆಯಿತು. ಕೂಸಿಗೆ ಏನೂ ಆಗುವುದಿಲ್ಲ. ಇಷ್ಟು ಮಾಡಿದರೆ ಸಾಲದೇ ತಾಯಕ್ಕ? ಸಾಕು ಎಂದು ನೀವು ಒಂದು ಮಾತು ಬರೆಸಿದರೆ ನಾನು ನಿದ್ದೆ ಮಾಡುತ್ತೇನೆ.

ಇಂದೂ


ಚಾಕಣ
೫ ಜನವರಿ ೨೦೨೫

ಇಂದೂ ಚಿಗವ್ವನಿಗೆ,

ಅತ್ತೆ ಹೇಳಿದ್ದು:

"ಸಾಲದು.

"ಇವತ್ತ ಬುಟ್ಟ್ಯಾಗಿಂದ ನೀ ತಗೀತಿ. ನಾಳೆ ಸಾಲ್ಯಾಗ ಬಾಜೂ ಹುಡುಗನ ಡಬ್ಬ್ಯಾಗಿಂದ ಯಾರ ತಗೀತಾರ? ನೀ ಇಲ್ಲದಾಗ ಯಾರ ತಗೀತಾರ? ಅದರ ಅವ್ವಗ ಗೊತ್ತಿರಬೇಕು, ನಿನಗಲ್ಲ.

"ಹೇಳೂ ಮುಂದ ನನ್ನ ಹೆಸರೂ ಹೇಳು. ಮೂಸಿ ಗೊತ್ತಿದ್ದೂ ಹಚ್ಚಿದಳು ಅಂತ ಹೇಳು. ನನ್ನ ಉಳಿಸಾಕ ಹೋಗಿ ಅರ್ಧ ಹೇಳಬ್ಯಾಡ. ಅರ್ಧ ಹೇಳಿದ್ದಕ್ಕನ ಇಷ್ಟೆಲ್ಲಾ ಆಗಿದ್ದು."

ಅಂಚೆಗೆ ಇವತ್ತೇ ಹಾಕು ಎಂದು ಅತ್ತೆ ಬಾಗಿಲಲ್ಲಿ ನಿಂತಿದ್ದಾರೆ. ಹಾಕಲು ಹೋಗುತ್ತಿದ್ದೇನೆ.

ರೇಣು


ಯೆರವಡಾ
೨೨ ಜನವರಿ ೨೦೨೫

ತಾಯಕ್ಕನಿಗೆ,

ಕೂಸು ಚೆನ್ನಾಗಿದ್ದಾನೆ. ಗೋಡೆ ಹಿಡಿದು ನಿಲ್ಲುತ್ತಾನೆ. ಎರಡು ಹಲ್ಲು ಬಂದಿವೆ.

ಹೇಳಿದೆ. ಹನ್ನೊಂದನೇ ತಾರೀಖು. ನೀರಜಾ ಮಂಡಈ ಮಾರುಕಟ್ಟೆಯಿಂದ ಶೇಂಗಾ ತಂದು ನನ್ನ ಮುಂದೆ ಸುರಿದಳು. ಅಮೇಯ ಅವಳ ಕಂಕುಳಲ್ಲಿದ್ದ, ಶೇಂಗಾ ನೋಡಿ ಬಗ್ಗಿದ. "ನೀರಜಾ, ಅವನನ್ನ ಆ ಕಡೆ ತಗೊಂಡು ಹೋಗವಾ" ಅಂದೆ. ಯಾಕೆ ಎಂದಳು. ಜೋಡಿಸಿಟ್ಟ ಮಾತು ಒಂದೂ ಬರಲಿಲ್ಲ. ಮೋರಿಗೆ ಹೋದ ಬಾಟಲಿಯಿಂದ ಶುರುಮಾಡಿ ನಾಲ್ಕು ಬೆರಳಿನವರೆಗೆ ಹೇಗೆ ಬಂತೋ ಹಾಗೆ ಹೇಳಿದೆ. ನಿಮ್ಮದನ್ನೂ ಹೇಳಿದೆ, ನೀವು ಹೇಳೆಂದಷ್ಟು, ಅದಕ್ಕಿಂತ ಹೆಚ್ಚಲ್ಲ.

ಬೈಯುತ್ತಾಳೆ ಎಂದುಕೊಂಡಿದ್ದೆ. "ಚೀಟಿ ಬರಿಯೂ ಮುಂದ ನಾ ಎರಡು ಸಲ ಕೇಳಿದ್ದೆ ಮಾವಶಿ. ಇಷ್ಟೇ ಏನ್ರಿ, ಇನ್ನೇನಾರ ಅದ ಏನ್ರಿ ಅಂತ" ಎಂದಳು. ಅಷ್ಟೇ. ಕೂಸನ್ನು ತನ್ನ ತಂದೆಯ ಕೈಗೆ ಕೊಟ್ಟು, ಶೇಂಗಾವನ್ನೆಲ್ಲ ತಾನೇ ಬಳಿದು ಚೀಲಕ್ಕೆ ತುಂಬಿ, ಕೆಳಗೆ ಇಟ್ಟು ಬಂದು, ಮೂರು ಸಲ ಕೈ ತೊಳೆದು, ಡಾಕ್ಟರಿಗೆ ಫೋನು ಮಾಡಿದಳು. ಪ್ರಲ್ಹಾದರಾಯರು ಕೂಸನ್ನು ಹಿಡಿದುಕೊಂಡೇ, "ನಾಲ್ಕು ಚಮಚ ಎಣ್ಣಿಗೆ ನಾಲ್ಕು ತಿಂಗಳ ಸುಳ್ಳೇನವಾ?" ಅಂದರು. ಅವರ ದನಿಯೂ ಏರಲಿಲ್ಲ.

ರಕ್ತ ತೆಗೆದು ನೋಡಿದರು. ಶೇಂಗಾನೇ. ಮೈಗೂ ಹೊಟ್ಟೆಗೂ ಒಂದು ಕಣವೂ ತಾಗಬಾರದಂತೆ. ಬಾದಾಮಿಯಿಂದ ಏನೂ ಇಲ್ಲವಂತೆ. ಬೋರನ್ಹಾಣ ಆಯಿತು. ಬಾರಿಹಣ್ಣು, ಚುರಮುರಿ, ಬತ್ತಾಸು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಒಂದು ಬಾರಿಹಣ್ಣು ಉರುಳಿ ನನ್ನ ಕಾಲ ಹತ್ತಿರ ಬಂತು. ಎತ್ತಿಕೊಡಲು ಧೈರ್ಯವಾಗಲಿಲ್ಲ.

ನನ್ನ ಕೆಲಸ ಬಿಡಿಸಿಲ್ಲ. ಆದರೆ ಕೂಸು ನನ್ನ ಕಡೆ ಕೈ ಚಾಚಿದಾಗೆಲ್ಲ ನೀರಜಾ, "ಕೈ ತೊಳಕೊಂಡೀರೇನ್ರಿ?" ಎಂದು ಕೇಳುತ್ತಾಳೆ. ಮೆಲ್ಲಗೆ ಕೇಳುತ್ತಾಳೆ. ದಿನಾ ಕೇಳುತ್ತಾಳೆ. ಆಗ ನೀವು ನಿಂತ ಜಾಗದಲ್ಲೇ ನಾನು ನಿಂತಿರುತ್ತೇನೆ.

ಬರುವ ರವಿವಾರ, ಇಪ್ಪತ್ತಾರಕ್ಕೆ, ಅವಳು ಕೂಸನ್ನು ಕರೆದುಕೊಂಡು ಚಾಕಣಕ್ಕೆ ಬರುತ್ತಾಳೆ. ವಿಳಾಸ ಬರೆದುಕೊಂಡಳು. "ನಾ ಅವರ ಕೈ ತಿರುವಿ ನೋಡಿದೆ, ಮಾವಶಿ" ಎಂದಳು. ವಾಡೆಯ ಆ ಎರಡು ಮನೆಗೂ ತಾನೇ ಹೋಗಿ ಹೇಳಿ ಬಂದಿದ್ದಾಳೆ. ನಿಮ್ಮನ್ನು ಮತ್ತೆ ಕರೆಯುತ್ತಾಳೆ. ಎಣ್ಣೆ ಮಾತ್ರ ಡಾಕ್ಟರು ಬರೆದುಕೊಟ್ಟಿದ್ದೇ. ಬರುವುದು ಬಿಡುವುದು ನಿಮ್ಮಿಷ್ಟ. ಬನ್ನಿರಿ ಎನ್ನಲು ನನಗೆ ಮುಖವಿಲ್ಲ. ನಾನು ಅವಳ ಜೊತೆ ಬರುವುದಿಲ್ಲ.

ಅವಳ ಕೈಯಲ್ಲಿ ಒಂದು ಸಣ್ಣ ಡಬ್ಬಿ ಕಳಿಸುತ್ತಿದ್ದೇನೆ. ಅವಳಿಗೆ ತೋರಿಸಿ, ಏನೇನಿದೆ ಎಂದು ಮುಚ್ಚಳದ ಮೇಲೆ ಬರೆದೇ ಕೊಟ್ಟಿದ್ದೇನೆ. ಕೂಸಿಗಲ್ಲ. ನಿಮ್ಮ ಒಡೆದ ಕೈಗೆ. ಕೋಕಂ ತುಪ್ಪ, ಜೇನುಮೇಣ, ಸೀಲು ಒಡೆಯದ ಬಾಟಲಿಯ ಕೊಬ್ಬರಿ ಎಣ್ಣೆ, ಇಷ್ಟೇ. ಹೊಸ ಪಾತ್ರೆ, ಹೊಸ ಚಮಚ. ನನ್ನ ಮನೆಯಲ್ಲೇ ಮಾಡಿದೆ, ಆ ಅಡುಗೆಮನೆಯಲ್ಲಲ್ಲ.

ಒಂದೇ ಒಂದು. ಮೇಣ ಸೋಸಿದ ಬಟ್ಟೆ. ಪೆಟ್ಟಿಗೆಯಿಂದ ತೆಗೆದ ಹೊಸದು ಎಂದೇ ನನ್ನ ನೆನಪು. ಆದರೆ ಇದೂ ಆವತ್ತಿನದೂ ಎರಡೂ ಒಂದೇ ಸೀರೆಯಿಂದ ಹರಿದವು, ಆವತ್ತು ಸೋಸಿದ್ದನ್ನೂ ಒಗೆದು ನಾನು ಅದೇ ಪೆಟ್ಟಿಗೆಯಲ್ಲಿ ಇಟ್ಟಿದ್ದೆನೋ ಏನೋ. ಆ ಕೈ ನಾಳೆ ಕೂಸಿನ ಮೈಮೇಲೆ ಓಡಾಡುವ ಕೈ. ನನ್ನ ಮೂಗನ್ನು ನಾನು ನಂಬುವುದಿಲ್ಲ ತಾಯಕ್ಕ. ಹಚ್ಚಿಕೊಳ್ಳುವ ಮೊದಲು ಮುಚ್ಚಳ ತೆಗೆದು ಮೂಸಿರಿ. ಒಂದು ದಿನ ಬಿಟ್ಟು ಇನ್ನೊಮ್ಮೆ ಮೂಸಿರಿ. ಚೂರು ಅನುಮಾನ ಬಂದರೂ ಬಿಸಾಡಿ, ನನಗೆ ಬರೆಯಿಸಿರಿ. ಈ ಸಲ ಸುಮ್ಮನಿರಬೇಡಿರಿ.

ಇಂದೂ